ಗೇಮ್ ಆಡುವಾಗ ಮಾತ್ರ ಪಿಸಿ ಆಫ್ ಆಗ್ತಿದ್ರೆ ಎಲ್ಲಿಂದ ಹುಡುಕೋದು?

ಮೂರನೇ ಸೆಮ್ ಪರೀಕ್ಷೆ ಮುಗಿಸಿ ತಿಪಟೂರಿಗೆ ಬಸ್ ಹತ್ತಿದಾಗ ನನ್ನ ಬ್ಯಾಗಲ್ಲಿ ಟವೆಲ್ ಸುತ್ತಿ ಇಟ್ಟಿದ್ದ ಒಂದು ಗ್ರಾಫಿಕ್ಸ್ ಕಾರ್ಡ್ ಇತ್ತು. ಆರ್‌ಟಿಎಕ್ಸ್ 3060, ಸೆಕೆಂಡ್ ಹ್ಯಾಂಡ್. ನಮ್ಮ ಕಾಲೇಜಿನ ಸೀನಿಯರ್ ಒಬ್ಬರಿಗೆ 14,000 ರೂಪಾಯಿ ಕೊಟ್ಟು ತಗೊಂಡಿದ್ದೆ. ವರ್ಷವಿಡೀ ಎರಡು ಮಕ್ಕಳಿಗೆ ಮ್ಯಾಥ್ಸ್ ಟ್ಯೂಷನ್ ಹೇಳಿ ಕೂಡಿಟ್ಟ ದುಡ್ಡು ಅದು.

ಮನೆಯಲ್ಲಿರೋ ಪಿಸಿ 2021ರಲ್ಲಿ ಆನ್‌ಲೈನ್ ಕ್ಲಾಸ್‌ಗೆ ಅಂತ ಅಪ್ಪ ತೆಗೆಸಿಕೊಟ್ಟಿದ್ದು. ಇಂಟೆಲ್ ಐ5-10400ಎಫ್ ಪ್ರೊಸೆಸರ್, 16 ಜಿಬಿ ರ‍್ಯಾಮ್, 550 ವ್ಯಾಟ್ ಪವರ್ ಸಪ್ಲೈ, ಜಿಟಿಎಕ್ಸ್ 1650 ಕಾರ್ಡ್. ಹಳೇ ಕಾರ್ಡ್ ತೆಗೆದು ಹೊಸದು ಕೂರಿಸಿದೆ, ಡ್ರೈವರ್ ಹಾಕಿದೆ, ಸಂಜೆ ಫೋರ್ಜಾ ಹೊರೈಜನ್ 5 ಶುರು ಮಾಡಿದೆ. ಇಪ್ಪತ್ತು ನಿಮಿಷ ಸ್ವರ್ಗ. ಆಮೇಲೆ ಟಪ್ ಅಂತ ಸ್ಕ್ರೀನ್ ಕಪ್ಪಾಗಿ ಪಿಸಿ ತಾನೇ ರೀಸ್ಟಾರ್ಟ್ ಆಯ್ತು. ಮಾರನೇ ದಿನ ಸಂಜೆಯೂ ಅದೇ ಕಥೆ. ಮೂರನೇ ದಿನ ತಡೆಯೋಕೆ ಆಗದೆ ಸೀನಿಯರ್‌ಗೆ ಮೆಸೇಜ್ ಹಾಕಿಬಿಟ್ಟೆ: "ಅಣ್ಣ, ನಿಜ ಹೇಳಿ, ಈ ಕಾರ್ಡ್ ಮೈನಿಂಗ್‌ಗೆ ಓಡಿಸಿದ್ರಾ?" ಎರಡು ಬ್ಲೂ ಟಿಕ್ ಬಂತು, ಉತ್ತರ ಬರಲಿಲ್ಲ.

ಆ ಮೆಸೇಜ್ ಕಳಿಸೋ ಮುಂಚೆ ನಾನು ಏನೇನು ನೋಡಬೇಕಿತ್ತು ಅನ್ನೋದೇ ಈ ಲೇಖನ.

ಮೊದಲನೆಯದಾಗಿ, 'ಕ್ರ್ಯಾಶ್' ಅನ್ನೋ ಒಂದೇ ಪದದಲ್ಲಿ ನಾವು ನಾಲ್ಕು ಬೇರೆ ಬೇರೆ ಕಾಯಿಲೆಗಳನ್ನ ತುಂಬ್ತೀವಿ. ಗೇಮ್ ಮಾತ್ರ ಮುಚ್ಚಿಕೊಂಡು ಡೆಸ್ಕ್‌ಟಾಪ್‌ಗೆ ಬಂದ್ರೆ ಅದು ಬಹುಪಾಲು ಸಾಫ್ಟ್‌ವೇರ್ ಕಡೆಯದು: ಡ್ರೈವರ್, ಕೆಟ್ಟ ಗೇಮ್ ಫೈಲ್, ಕೆಲವೊಮ್ಮೆ ರ‍್ಯಾಮ್. ನೀಲಿ ಪರದೆ ಬಂದ್ರೆ ವಿಂಡೋಸ್‌ಗೆ ಏನೋ ತಪ್ಪಾಗಿದೆ ಅಂತ ಗೊತ್ತಾಗಿ, ಸಾಯೋ ಮುಂಚೆ ಒಂದು ಚೀಟಿ ಬರೆದಿಟ್ಟಿದೆ ಅಂತ ಅರ್ಥ. ಸ್ಕ್ರೀನ್ ಅಲ್ಲೇ ನಿಂತು ಸ್ಪೀಕರ್‌ನಲ್ಲಿ ಗುರ್ರ್ ಅಂತ ಒಂದೇ ಶಬ್ದ ಸುತ್ತುತ್ತಿದ್ರೆ ಗ್ರಾಫಿಕ್ಸ್ ಕಾರ್ಡ್, ರ‍್ಯಾಮ್ ಅಥವಾ ಪ್ರೊಸೆಸರ್ ಕಡೆ ನೋಡಬೇಕು. ನಾಲ್ಕನೆಯದು ನನ್ನದು. ಯಾವ ಸೂಚನೆಯೂ ಇಲ್ಲದೆ, ಯಾರೋ ಪ್ಲಗ್ ಕಿತ್ತ ಹಾಗೆ ಪಟ್ ಅಂತ ಹೋಗೋದು. ಇಲ್ಲಿ ಮೊದಲ ಅನುಮಾನ ಕರೆಂಟ್ ಬರೋ ದಾರಿಯ ಮೇಲೆ ಇರಬೇಕು. ನನ್ನ ಅನುಮಾನ ಇದ್ದಿದ್ದು ಸೀನಿಯರ್ ಮೇಲೆ.

ವಿಂಡೋಸ್ ತನ್ನ ಡೈರಿಯನ್ನ ತಾನೇ ಬರೆಯುತ್ತೆ. ಸ್ಟಾರ್ಟ್ ಮೆನುವಿನಲ್ಲಿ 'ಈವೆಂಟ್ ವ್ಯೂವರ್' ಅಂತ ಹುಡುಕಿ, ವಿಂಡೋಸ್ ಲಾಗ್ಸ್ ಒಳಗೆ ಸಿಸ್ಟಮ್ ತೆರೆಯಿರಿ. ಅಲ್ಲಿ ಕೆಂಪು ಬಣ್ಣದಲ್ಲಿ 'ಕರ್ನಲ್-ಪವರ್ 41' ಅಂತ ಕಂಡ್ರೆ ಗಾಬರಿಯಾಗಬೇಡಿ. ಇಂಟರ್‌ನೆಟ್‌ನಲ್ಲಿ ಇದನ್ನ ಓದಿ ಪವರ್ ಸಪ್ಲೈ ಬದಲಾಯಿಸಿದವರು ತುಂಬ ಜನ ಇದ್ದಾರೆ. 41 ಅಂದ್ರೆ "ಹೋದ ಸಲ ಸರಿಯಾಗಿ ಶಟ್‌ಡೌನ್ ಆಗ್ಲಿಲ್ಲ" ಅಂತ ಮಾತ್ರ. ಕಾರಣ ಅದಕ್ಕೂ ಗೊತ್ತಿರಲ್ಲ. ಆದ್ರೆ ಅದರ ಡೀಟೇಲ್ಸ್ ಟ್ಯಾಬ್‌ನಲ್ಲಿ ಬಗ್‌ಚೆಕ್ ಕೋಡ್ ಅಂತ ಒಂದು ಸಾಲು ಇರುತ್ತೆ. ಅದು ಸೊನ್ನೆ ಇದ್ರೆ ವಿಂಡೋಸ್‌ಗೆ ಚೀಟಿ ಬರೆಯೋಕೂ ಸಮಯ ಸಿಗಲಿಲ್ಲ ಅಂತ: ಒಂದೋ ಕರೆಂಟ್ ಹೋಗಿದೆ, ಇಲ್ಲ ಪೂರ್ತಿ ಹ್ಯಾಂಗ್ ಆಗಿದೆ. ಸೊನ್ನೆ ಅಲ್ಲದಿದ್ರೆ ಅದು ನೀಲಿ ಪರದೆಯ ಕೋಡ್. ವಿಂಡೋಸ್ ಫೋಲ್ಡರ್ ಒಳಗೆ ಮಿನಿಡಂಪ್ ಅನ್ನೋ ಫೋಲ್ಡರ್‌ನಲ್ಲಿ ಫೈಲ್ ಸಿಗಬಹುದು. 'ವಿಯಾ-ಲಾಗರ್' ಅಂತ ಕಂಡ್ರೆ ಹಾರ್ಡ್‌ವೇರೇ ದೂರು ಕೊಟ್ಟಿದೆ. 4101 ಕಂಡ್ರೆ ಡಿಸ್‌ಪ್ಲೇ ಡ್ರೈವರ್ ಉತ್ತರ ಕೊಡದೆ ಮತ್ತೆ ಎದ್ದಿದೆ. ಗ್ರಾಫಿಕ್ಸ್ ಕಾರ್ಡ್ ಎರಡು ಸೆಕೆಂಡ್ ಮಾತಾಡದಿದ್ರೆ ವಿಂಡೋಸ್ ಅದನ್ನ ರೀಸೆಟ್ ಮಾಡುತ್ತೆ. ಇಷ್ಟೆಲ್ಲಾ ಓದೋಕೆ ಬೇಜಾರಾದ್ರೆ ಸ್ಟಾರ್ಟ್‌ನಲ್ಲಿ 'ರಿಲಯಬಿಲಿಟಿ ಹಿಸ್ಟರಿ' ಅಂತ ಹುಡುಕಿ. ದಿನದ ಲೆಕ್ಕದಲ್ಲಿ ಚಾರ್ಟ್ ಹಾಕಿ ತೋರಿಸುತ್ತೆ.

ನನ್ನದು 41, ಕೋಡ್ ಸೊನ್ನೆ, ಪ್ರತಿ ಸಲ.

ಎಲ್ಲರೂ ಮೊದಲು ಹೇಳೋದು "ಹೀಟ್ ಆಗ್ತಿದೆ ಮಗಾ". ಇರಬಹುದು, ಆದ್ರೆ ಈಗಿನ ಪ್ರೊಸೆಸರ್ ಬಿಸಿಯಾದ ತಕ್ಷಣ ಸಾಯಲ್ಲ. ಮೊದಲು ತನ್ನ ವೇಗ ತಾನೇ ಇಳಿಸಿಕೊಳ್ಳುತ್ತೆ. ಗೇಮ್ ಎಳೆಯೋಕೆ ಶುರುವಾಗುತ್ತೆ, ಎಫ್‌ಪಿಎಸ್ ಬೀಳುತ್ತೆ. ಅದೂ ಸಾಲದಿದ್ರೆ ಮಾತ್ರ ಆಫ್. ಎಫ್‌ಪಿಎಸ್ ಚೆನ್ನಾಗಿದ್ದು ದಿಢೀರ್ ಅಂತ ಹೋದ್ರೆ ಹೀಟ್ ಮೇಲೆ ಅನುಮಾನ ಕಮ್ಮಿ. ಎಚ್‌ಡಬ್ಲ್ಯುಇನ್ಫೋ ಅನ್ನೋ ಉಚಿತ ಪ್ರೋಗ್ರಾಂ ಹಾಕಿ, ಅದರಲ್ಲಿ ಲಾಗಿಂಗ್ ಆನ್ ಮಾಡಿ ಆಡಿ. ಪಿಸಿ ಸತ್ತರೂ ಫೈಲ್‌ನ ಕೊನೆಯ ಸಾಲುಗಳು ಉಳಿದಿರುತ್ತೆ, ಎಕ್ಸೆಲ್‌ನಲ್ಲಿ ತೆಗೆದು ನೋಡಬಹುದು. ನನ್ನ ಕೊನೆಯ ಸಾಲಲ್ಲಿ ಪ್ರೊಸೆಸರ್ 68 ಡಿಗ್ರಿ, ಕಾರ್ಡ್ 73. ಆರಾಮ.

ರ‍್ಯಾಮ್‌ಗೆ ಮೆಮ್‌ಟೆಸ್ಟ್86 ಇದೆ. ಪೆನ್‌ಡ್ರೈವ್‌ನಿಂದ ಬೂಟ್ ಮಾಡಿ ರಾತ್ರಿ ಹಾಕಿ ಮಲಗಿ. ಬೆಳಿಗ್ಗೆ ಒಂದೇ ಒಂದು ಎರರ್ ಇದ್ರೂ ಅದು ಒಂದೇ ತಾನೇ ಅಂತ ಬಿಡೋ ಹಾಗಿಲ್ಲ. ಒಂದೊಂದೇ ಸ್ಟಿಕ್ ಹಾಕಿ ಯಾವುದು ಅಂತ ಕಂಡುಹಿಡೀಬೇಕು. ಬಯಾಸ್‌ನಲ್ಲಿ ಎಕ್ಸ್‌ಎಂಪಿ ಆನ್ ಮಾಡಿದ್ರೆ ಮೊದಲು ಆಫ್ ಮಾಡಿ ನೋಡಿ, ಅದೂ ಒಂಥರಾ ಓವರ್‌ಕ್ಲಾಕೇ. ಡ್ರೈವರ್‌ಗೆ ಡಿಡಿಯು ಅನ್ನೋ ಟೂಲ್‌ನ ಸೇಫ್ ಮೋಡ್‌ನಲ್ಲಿ ಓಡಿಸಿ, ಹಳೇದನ್ನ ಪೂರ್ತಿ ಅಳಿಸಿ ಹೊಸದು ಹಾಕೋದು. ಇವೆರಡೂ ಮಾಡಿದೆ, ಏನೂ ಸಿಗಲಿಲ್ಲ.

ನಡುವೆ ಒಂದು ಮಾತು. ನಿಮ್ಮದು ಇಂಟೆಲ್ 13 ಅಥವಾ 14ನೇ ಜನರೇಷನ್‌ನ ದೊಡ್ಡ ಡೆಸ್ಕ್‌ಟಾಪ್ ಪ್ರೊಸೆಸರ್ ಆಗಿದ್ದು, ಗೇಮ್‌ಗಳು "ವಿಡಿಯೋ ಮೆಮೊರಿ ಸಾಲದು" ಅನ್ನೋ ಥರ ಸುಳ್ಳು ಹೇಳಿ ಮುಚ್ಚಿಕೊಳ್ತಿದ್ರೆ, ಮೊದಲು ಬಯಾಸ್ ಅಪ್‌ಡೇಟ್ ಮಾಡಿ. ಹೆಚ್ಚು ವೋಲ್ಟೇಜ್‌ನಿಂದ ಆ ಚಿಪ್‌ಗಳು ಹಾಳಾಗ್ತಿವೆ ಅಂತ ಕಂಪನಿಯೇ 2024ರಲ್ಲಿ ಒಪ್ಪಿಕೊಂಡು, ಮೈಕ್ರೋಕೋಡ್ ಸರಿಪಡಿಸಿ, ವಾರಂಟಿಯನ್ನ ಎರಡು ವರ್ಷ ಹೆಚ್ಚಿಸಿತು. ಆಗಲೇ ಹಾಳಾಗಿರೋ ಚಿಪ್ ಅಪ್‌ಡೇಟ್‌ನಿಂದ ರಿಪೇರಿ ಆಗಲ್ಲ, ವಾರಂಟಿಗೇ ಹೋಗಬೇಕು.

ಉಳಿದಿದ್ದು ಪವರ್. ಮಧ್ಯಾಹ್ನ ಕೂತು ಫರ್‌ಮಾರ್ಕ್ ಹಾಕಿ ಕಾರ್ಡನ್ನ ಒಂದು ಗಂಟೆ ಬೇಯಿಸಿದೆ. ಒಸಿಸಿಟಿ ಹಾಕಿ ಪ್ರೊಸೆಸರ್‌ನ ಬೇಯಿಸಿದೆ. ಎರಡನ್ನೂ ಒಟ್ಟಿಗೆ ಹಾಕಿದೆ. ಅಲ್ಲಾಡಲಿಲ್ಲ. ಅದೇ ಸಂಜೆ ಫೋರ್ಜಾ ಹಾಕಿದ್ರೆ ಅರ್ಧ ಗಂಟೆಯಲ್ಲಿ ಟಪ್. ಫ್ರೇಮ್ ರೇಟ್ 60ಕ್ಕೆ ಕಟ್ಟಿ ಹಾಕಿದ ದಿನ ಮಾತ್ರ ಆಗಲಿಲ್ಲ. ತಮ್ಮ ರಾತ್ರಿ ಊಟ ಆದ್ಮೇಲೆ ವ್ಯಾಲರೆಂಟ್ ಆಡ್ತಾನೆ, "ನಂಗೆ ಒಂದ್ಸಲನೂ ಆಫ್ ಆಗಿಲ್ಲಪ್ಪ, ನಿನ್ ಕೈಗುಣ" ಅಂದ.

ಇಷ್ಟರಲ್ಲಿ ಸೀನಿಯರ್ ಉತ್ತರ ಬಂತು. "ಮೈನಿಂಗ್ ಮಾಡಿಲ್ಲ. ನಂಬಿಕೆ ಇಲ್ಲ ಅಂದ್ರೆ ವಾಪಸ್ ತಂದುಕೊಡು, ದುಡ್ಡು ಕೊಡ್ತೀನಿ." ಅಷ್ಟೇ. ಕೊನೆಗೆ ಹಾಕೋ ಸ್ಮೈಲಿ ಕೂಡ ಇರಲಿಲ್ಲ. ಮೊದಲ ಸೆಮ್‌ನಿಂದ ಲ್ಯಾಬ್ ರೆಕಾರ್ಡ್, ನೋಟ್ಸ್ ಎಲ್ಲಾ ಕೊಟ್ಟವರು ಅವರು. ಹೊಟ್ಟೆಯಲ್ಲಿ ಒಂಥರಾ ಆಯ್ತು.

ಅವತ್ತು ರಾತ್ರಿ ಮತ್ತೆ ಈವೆಂಟ್ ವ್ಯೂವರ್ ತೆಗೆದೆ. 6008 ಅನ್ನೋ ಇನ್ನೊಂದು ಈವೆಂಟ್ ಇದೆ, ಅದು "ಇಷ್ಟು ಗಂಟೆಗೆ ಆದ ಶಟ್‌ಡೌನ್ ನಿರೀಕ್ಷಿಸದೆ ಆಗಿದ್ದು" ಅಂತ ಟೈಮ್ ಸಮೇತ ಬರೆದಿಡುತ್ತೆ. ಆ ಟೈಮ್‌ಗಳನ್ನ ಮಾತ್ರ ಒಂದು ಹಾಳೆಯಲ್ಲಿ ಬರೆದುಕೊಂಡೆ. ಸಂಜೆ 6:38. 6:35. 6:51. 6:41. 7:02. ಏನಿದು, ಬಸ್ ಟೈಮಿಂಗ್ ಥರ ಇದೆಯಲ್ಲ! ಕೆಟ್ಟ ಕಾರ್ಡ್‌ಗೆ ಗಡಿಯಾರ ನೋಡೋಕೆ ಬರುತ್ತಾ?

ಅಡುಗೆಮನೆಗೆ ಹೋಗಿ "ಅಮ್ಮ, ಸಂಜೆ ಆರೂವರೆಗೆ ನಮ್ಮನೇಲಿ ಏನಾಗುತ್ತೆ?" ಅಂತ ಕೇಳಿದೆ. "ದೀಪ ಹಚ್ತೀನಿ, ಮೋಟರ್ ಹಾಕ್ತೀನಿ. ಯಾಕೋ?" ಅಂದ್ರು. ಸಂಪಿನಿಂದ ಮೇಲಿನ ಟ್ಯಾಂಕ್‌ಗೆ ನೀರು ಏರಿಸೋ ಒಂದು ಎಚ್‌ಪಿ ಮೋಟರ್. ಆಮೇಲೆ ಅಮ್ಮ ಇನ್ನೊಂದು ಮಾತು ಹೇಳಿದ್ರು: "ಆ ಡಬ್ಬ ಆಗ್ಲೇ ಕುಂಯ್ ಅಂತ ಕೂಗ್ಕೊಳುತ್ತಲ್ಲೋ, ನಿಂಗೆ ಕೇಳ್ಸಲ್ವಾ?" ಡಬ್ಬ ಅಂದ್ರೆ ಯುಪಿಎಸ್. ನನಗೆ ಕೇಳ್ಸಲ್ಲ, ಯಾಕಂದ್ರೆ ಆಡುವಾಗ ಕಿವಿಯಲ್ಲಿ ಹೆಡ್‌ಫೋನ್ ಇರುತ್ತೆ.

ಫಸ್ಟ್ ಇಯರ್ ಬೇಸಿಕ್ ಎಲೆಕ್ಟ್ರಿಕಲ್‌ನಲ್ಲಿ ನಾವೆಲ್ಲ ಬರೆದು ಪಾಸಾದ ಉತ್ತರ: ಮೋಟರ್ ಶುರುವಾಗೋ ಕ್ಷಣದಲ್ಲಿ ಓಡುವಾಗಿನದಕ್ಕಿಂತ ಹಲವು ಪಟ್ಟು ಕರೆಂಟ್ ಎಳೆಯುತ್ತೆ. ವೈರ್‌ನಲ್ಲಿ ಡ್ರಾಪ್ ಜಾಸ್ತಿಯಾಗಿ ಮನೆಯ ವೋಲ್ಟೇಜ್ ಒಂದು ಕ್ಷಣ ಕುಸಿಯುತ್ತೆ. ಲೈಟ್ ಮಂಕಾಗೋದು ಇದಕ್ಕೇ. ಸಂಜೆ ಬೀದಿಯವರೆಲ್ಲ ಲೈಟು, ಟಿವಿ, ಮೋಟರ್ ಹಾಕಿರೋದ್ರಿಂದ ವೋಲ್ಟೇಜ್ ಮೊದಲೇ ಕಮ್ಮಿ ಇರುತ್ತೆ. ಕುಸಿತ ಕಂಡ ಯುಪಿಎಸ್ "ಕರೆಂಟ್ ಹೋಯ್ತು" ಅಂದುಕೊಂಡು ಬ್ಯಾಟರಿಗೆ ಬದಲಾಗುತ್ತೆ. ಹಾಗೆ ಬದಲಾಗೋಕೆ ಕೆಲವೇ ಮಿಲಿಸೆಕೆಂಡ್ ಸಾಕು, ಆ ಹೊತ್ತನ್ನ ಪಿಸಿಯ ಪವರ್ ಸಪ್ಲೈ ತನ್ನ ಕೆಪಾಸಿಟರ್‌ಗಳ ದಮ್ಮಿನಲ್ಲಿ ದಾಟುತ್ತೆ. ತೊಂದರೆ ಅದರ ನಂತರ.

ಯುಪಿಎಸ್ ಮೇಲೆ 600 ವಿಎ ಅಂತ ಬರೆದಿತ್ತು. ನಾನು ಇಷ್ಟು ದಿನ ಅದನ್ನ 600 ವ್ಯಾಟ್ ಅಂತಲೇ ಓದಿದ್ದೆ. ಹಿಂದೆ ಸಣ್ಣ ಅಕ್ಷರದಲ್ಲಿ 360 ವ್ಯಾಟ್ ಅಂತಿದೆ. ಪವರ್ ಫ್ಯಾಕ್ಟರ್ 0.6. ಈಗ ಲೆಕ್ಕ ಹಾಕಿ. 3060 ಕಾರ್ಡ್ 170 ವ್ಯಾಟ್, ಪ್ರೊಸೆಸರ್ ಸುಮಾರು 65, ಬೋರ್ಡ್, ಡಿಸ್ಕ್, ಫ್ಯಾನ್ ಎಲ್ಲಾ ಸೇರಿ 40. ಒಟ್ಟು 275. ಪವರ್ ಸಪ್ಲೈ ದಕ್ಷತೆ 85 ಪರ್ಸೆಂಟ್ ಅಂದ್ರೆ ಗೋಡೆಯಿಂದ ಎಳೆಯೋದು 323. ಮಾನಿಟರ್ 27 ಸೇರಿಸಿದ್ರೆ 350. ಕಾರ್ಡ್ ಆಗಾಗ ಕ್ಷಣಮಾತ್ರ ಜಾಸ್ತಿ ಎಳೆಯೋದು ಬೇರೆ. ಹಳೇ 1650 ಕಾರ್ಡ್ 75 ವ್ಯಾಟ್‌ದು, ಆಗ ಒಟ್ಟು 240ರ ಆಸುಪಾಸು. ಅದಕ್ಕೇ ಇಷ್ಟು ವರ್ಷ ಏನೂ ಆಗಿರಲಿಲ್ಲ. ಇದರ ಮೇಲೆ ಬ್ಯಾಟರಿ 2021ರದ್ದು, ಒಂದ್ಸಲವೂ ಬದಲಾಯಿಸಿಲ್ಲ. ಮುದಿ 12 ವೋಲ್ಟ್ ಬ್ಯಾಟರಿಯಿಂದ 350 ವ್ಯಾಟ್ ಕೇಳಿದ್ರೆ 30 ಆಂಪಿಯರ್ ಮೇಲೆ ಎಳೆಯಬೇಕು. ಅದು ಅಲ್ಲೇ ಕುಸಿದು ಬೀಳುತ್ತೆ.

ಲೆಕ್ಕ ಹೊಂದಿದ ಮಾತ್ರಕ್ಕೆ ನಂಬೋ ಹಾಗಿಲ್ಲ, ಒಂದ್ಸಲ ಸೀನಿಯರ್ ವಿಷಯದಲ್ಲಿ ಹಾಗೆ ಮಾಡಿ ಆಗಿತ್ತು. ಮರುದಿನ ಬೆಳಿಗ್ಗೆ ಬೇರೆಲ್ಲ ಫೈಲ್ ಮುಚ್ಚಿ ಪ್ರಯೋಗಕ್ಕೆ ಕೂತೆ. ಗೇಮ್ ಓಡ್ತಿರುವಾಗ ಅಮ್ಮನಿಗೆ "ಹಾಕಿ" ಅಂದೆ. ಮೋಟರ್ ಗುಂಯ್, ಡಬ್ಬ ಕುಂಯ್, ಪಿಸಿ ಟಪ್. ಮಾನಿಟರ್‌ನ ಪುಟ್ಟ ಲೈಟ್ ಕೂಡ ಆರಿ ಹತ್ತಿತು. ನಾನು ಮೊದಲ ದಿನವೇ ನೋಡಬೇಕಿದ್ದ ಸಾಕ್ಷಿ ಅದೇ. ಪಿಸಿ ಒಳಗಿನ ಪವರ್ ಸಪ್ಲೈ ಕೈಕೊಟ್ಟಿದ್ರೆ ಮಾನಿಟರ್ ಆರಲ್ಲ, 'ನೋ ಸಿಗ್ನಲ್' ಅನ್ನುತ್ತೆ ಅಷ್ಟೇ. ಎರಡನೇ ಸಲ ಗೇಮ್ ಇಲ್ಲದೆ ಬರೀ ಡೆಸ್ಕ್‌ಟಾಪ್: ಡಬ್ಬ ಕೂಗಿತು, ಪಿಸಿ ಬದುಕಿತು. ಮೂರನೇ ಸಲ ಯುಪಿಎಸ್ ಬಿಟ್ಟು ಪಿಸಿಯನ್ನ ನೇರ ಗೋಡೆಗೆ ಹಾಕಿ ಗೇಮ್: ಮೋಟರ್ ಹಾಕಿದ್ರೂ ಏನೂ ಆಗಲಿಲ್ಲ. ಪವರ್ ಸಪ್ಲೈ ಸ್ಟಿಕ್ಕರ್ ಮೇಲೆ ಇನ್‌ಪುಟ್ 100ರಿಂದ 240 ವೋಲ್ಟ್ ಅಂತಿದೆ, ಆ ಸಣ್ಣ ಕುಸಿತ ಅದಕ್ಕೆ ಲೆಕ್ಕಕ್ಕೇ ಇಲ್ಲ. ಪ್ರತಿಯೊಂದನ್ನೂ ಎರಡೆರಡು ಸಲ ಮಾಡಿದೆ. ಟ್ಯಾಂಕ್ ತುಂಬಿ ಮೇಲಿಂದ ನೀರು ಸುರಿದು ಬೈಸಿಕೊಂಡೆ.

ಪರೀಕ್ಷೆಗೆ ನೇರ ಗೋಡೆಗೆ ಹಾಕೋದು ಸರಿ, ಹಾಗೇ ಬಿಡೋದು ಬೇಡ. ಕರೆಂಟ್ ಹೋದಾಗ ಬರೆಯುತ್ತಿದ್ದ ಫೈಲ್ ಹಾಳಾಗಬಹುದು. ಪವರ್ ಸಪ್ಲೈನ ಮಾತ್ರ ಯಾರೂ ಬಿಚ್ಚಬೇಡಿ, ಪ್ಲಗ್ ಕಿತ್ತ ಮೇಲೂ ಅದರ ಕೆಪಾಸಿಟರ್‌ಗಳಲ್ಲಿ ಚಾರ್ಜ್ ಇರುತ್ತೆ.

ಸೀನಿಯರ್‌ಗೆ ಮೆಸೇಜ್ ಹಾಕೋ ಧೈರ್ಯ ಬರಲಿಲ್ಲ, ಫೋನೇ ಮಾಡಿದೆ. ಪೂರ್ತಿ ಕಥೆ ಹೇಳಿ "ಸಾರಿ ಅಣ್ಣ" ಅಂದೆ. ಸ್ವಲ್ಪ ಹೊತ್ತು ಸುಮ್ಮನಿದ್ದು, "360 ವ್ಯಾಟ್ ಯುಪಿಎಸ್‌ಗೆ 3060 ಹಾಕಿದ್ಯಾ? ಬೇಸಿಕ್ ಎಲೆಕ್ಟ್ರಿಕಲ್ ಹೆಂಗೋ ಪಾಸಾದೆ?" ಅಂದ್ರು. ಅದು ನನ್ನ ನೋಟ್ಸ್ ಅಲ್ಲ, ನಿಮ್ಮದೇ ಅನ್ನೋಣ ಅನ್ನಿಸಿತು, ಅನ್ನಲಿಲ್ಲ.

ಈಗ 1 ಕೆವಿಎ ಯುಪಿಎಸ್ ಬಂದಿದೆ. ತಗೊಳ್ಳೋ ಮುಂಚೆ ಅಂಗಡಿಯಲ್ಲೇ ತಿರುಗಿಸಿ 600 ವ್ಯಾಟ್ ಅಂತ ಓದಿದೆ. ಹಳೇದಕ್ಕೆ ಹೊಸ ಬ್ಯಾಟರಿ ಹಾಕಿಸಿ ವೈಫೈ ರೂಟರ್‌ಗೆ ಕೊಟ್ಟಿದ್ದೀವಿ. ಅಮ್ಮ ಮಾತ್ರ ಈಗಲೂ ಸಂಜೆ ಮೋಟರ್ ಹಾಕೋ ಮುಂಚೆ ರೂಮಿನ ಬಾಗಿಲಿಗೆ ಬಂದು "ಹಾಕ್ಲಾ?" ಅಂತ ಕೇಳ್ತಾರೆ.