ಕನ್ನೆ ಕಾಡು, ಕನ್ನೆ ದ್ವೀಪ ಎಂಬ ಕಲ್ಪನೆ

ಬೇಸಿಗೆಯಲ್ಲಿ ಕಬಿನಿ ಹಿನ್ನೀರಿನ ದಂಡೆಯಲ್ಲಿ ಹಿಂಡು ಹಿಂಡಾಗಿ ಮೇಯುವ ಆನೆಗಳನ್ನು ಕ್ಯಾಲೆಂಡರುಗಳೂ ಸಾಕ್ಷ್ಯಚಿತ್ರಗಳೂ ಅನಾದಿ ಕಾಲದ ನೋಟವೆಂಬಂತೆ ತೋರಿಸುತ್ತವೆ. ಆ ನೋಟದ ವಯಸ್ಸು ಐವತ್ತು ವರ್ಷ ಚಿಲ್ಲರೆ. ಹೆಗ್ಗಡದೇವನಕೋಟೆ ತಾಲ್ಲೂಕಿನ ಬೀಚನಹಳ್ಳಿಯಲ್ಲಿ ಕಟ್ಟಿದ ಅಣೆಕಟ್ಟು ಮುಗಿದದ್ದು 1974ರಲ್ಲಿ. ಅದರ ಹಿಂದೆ ನಿಂತ ನೀರಿನಲ್ಲಿ ಕಾಕನಕೋಟೆಯ ಕಾಡೂ ಹಲವು ಹಳ್ಳಿಗಳೂ ಮುಳುಗಿದವು. ವಯನಾಡಿನ ಮಳೆಗೆ ತುಂಬಿಕೊಳ್ಳುವ ಜಲಾಶಯವನ್ನು ಬೆಳೆಗೂ ಕುಡಿಯುವುದಕ್ಕೂ ಬಿಡುತ್ತ ಹೋದಂತೆ ಬೇಸಿಗೆಯಲ್ಲಿ ನೀರು ಹಿಂದೆ ಸರಿಯುತ್ತದೆ, ಬಯಲಾದ ಮೆಕ್ಕಲು ಮಣ್ಣಿನಲ್ಲಿ ಎಳೆ ಹುಲ್ಲು ಚಿಗುರುತ್ತದೆ. ಸುತ್ತಲಿನ ನಾಗರಹೊಳೆ, ಬಂಡೀಪುರ, ವಯನಾಡಿನ ಕಾಡುಗಳೆಲ್ಲ ಒಣಗಿ ಎಲೆ ಉದುರಿಸಿ ನಿಂತಿರುವ ಕಾಲ ಅದು. ಆನೆಗಳು ಬರುವುದು ಆ ಹುಲ್ಲಿಗೆ, ಆ ನೀರಿಗೆ. ಆ ಹುಲ್ಲುಗಾವಲಿನ ಒಡೆತನ ಪ್ರಕೃತಿಗೆ ಎಷ್ಟು ಸೇರಿದ್ದೋ ತೂಬು ಎತ್ತುವ ಕೈಗೂ ಅಷ್ಟೇ ಸೇರಿದ್ದು.

ಇದೇ ಕಾಕನಕೋಟೆಯಲ್ಲಿ ಆನೆಗಳನ್ನು ಖೆಡ್ಡಾ ಎಂಬ ಬೇಲಿಯೊಳಕ್ಕೆ ಅಟ್ಟಿ ಹಿಡಿಯಲಾಗುತ್ತಿತ್ತು. ಕೊನೆಯ ಖೆಡ್ಡಾ ನಡೆದದ್ದು 1971ರಲ್ಲಿ. 1980ರಲ್ಲಿ ಸ್ಥಾಪನೆಯಾದ ಜಂಗಲ್ ಲಾಡ್ಜಸ್ ಅಂಡ್ ರೆಸಾರ್ಟ್ಸ್ ಸಂಸ್ಥೆ ಇಲ್ಲಿನ ಕಾರಾಪುರದಲ್ಲಿದ್ದ ಮೈಸೂರು ಮಹಾರಾಜರ ಬೇಟೆ ಬಂಗಲೆಯನ್ನೇ ಅತಿಥಿಗೃಹ ಮಾಡಿಕೊಂಡಿತು. ಕೆಲವೇ ವರ್ಷಗಳಲ್ಲಿ ಆನೆ ಹಿಡಿಯುವ ಜಾಗ ನೀರಾವರಿಯ ಜಾಗವಾಗಿ, ಆನೆ ನೋಡುವ ಜಾಗವೂ ಆಯಿತು.

ಪರಿಸರ ಪ್ರವಾಸೋದ್ಯಮದ ಬಗೆಗಿನ ತಪ್ಪು ಕಲ್ಪನೆಗಳಲ್ಲಿ ಬಹುಪಾಲು ಹುಟ್ಟುವುದು ಒಂದೇ ಬೇರಿನಿಂದ: ಕೆರೆ, ಕಾಡು, ದ್ವೀಪಗಳು ಮನುಷ್ಯರ ಕೈ ತಾಗದೆ ಉಳಿದುಕೊಂಡಿವೆ, ಅಲ್ಲಿಗೆ ಹೋಗುವವನು ಮೊದಲ ಹೊರಗಿನವನು ಎಂಬ ನಂಬಿಕೆ. ಇಂಗ್ಲಿಷಿನ ‘ಇಕೋಟೂರಿಸಂ’ ಪದವನ್ನು 1983ರಲ್ಲಿ ಬಳಕೆಗೆ ತಂದವರೆಂದು ಹೆಸರಾದ ಮೆಕ್ಸಿಕೋದ ವಾಸ್ತುಶಿಲ್ಪಿ ಹೆಕ್ಟರ್ ಸೆಬಾಲೋಸ್ ಲಾಸ್ಕುರೈನ್ ಅವರ ವಿವರಣೆಯಲ್ಲೂ ಹೆಚ್ಚು ಕದಡದ, ಮಲಿನವಾಗದ ತಾಣಗಳ ಮಾತು ಇತ್ತು. ಆಮೇಲೆ ರೂಢಿಗೆ ಬಂದ ವ್ಯಾಖ್ಯೆಗಳು ಸ್ಥಳೀಯರ ಬದುಕನ್ನೂ ಸೇರಿಸಿಕೊಂಡವು. ಜಾಹೀರಾತುಗಳು ಮಾತ್ರ ಮೊದಲಿನದನ್ನೇ ಹಿಡಿದುಕೊಂಡಿವೆ.

ಕಬಿನಿಯಂತೆಯೇ ಕೇರಳದ ತೇಕ್ಕಡಿಯ ಪೆರಿಯಾರ್ ಸರೋವರವೂ ಕಟ್ಟಿದ ನೀರು. ದೋಣಿ ವಿಹಾರದ ಚಿತ್ರಗಳಲ್ಲಿ ನೀರಿನ ನಡುವೆ ಎದ್ದು ನಿಂತ ಕಪ್ಪು ಮರದ ಬೊಡ್ಡೆಗಳು ಸರೋವರದ ಸೊಬಗಿನ ಭಾಗವೆಂಬಂತೆ ಕಾಣುತ್ತವೆ. ಅವು ಕರ್ನಲ್ ಜಾನ್ ಪೆನ್ನಿಕ್ವಿಕ್ 1895ರಲ್ಲಿ ಕಟ್ಟಿ ಮುಗಿಸಿದ ಮುಲ್ಲಪೆರಿಯಾರ್ ಅಣೆಕಟ್ಟಿನ ನೀರಿನಲ್ಲಿ ಮುಳುಗಿದ ಕಾಡಿನ ಅವಶೇಷ, ಸುಮಾರು 130 ವರ್ಷಗಳಿಂದ ಹಾಗೆಯೇ ನಿಂತಿವೆ. ಪಶ್ಚಿಮಕ್ಕೆ ಹರಿಯುತ್ತಿದ್ದ ಹೊಳೆಯನ್ನು ಸುರಂಗದ ಮೂಲಕ ಪೂರ್ವಕ್ಕೆ, ಮದುರೆ ಸೀಮೆಯ ಹೊಲಗಳಿಗೆ ತಿರುಗಿಸುವುದು ಕಟ್ಟೆಯ ಉದ್ದೇಶವಾಗಿತ್ತು. ಅಭಯಾರಣ್ಯ ಬಂದದ್ದು ಆಮೇಲೆ.

ಮನುಷ್ಯ ಕೈ ಹಾಕಿದರೆ ನೀರು ಕೆಟ್ಟೇ ಕೆಡುತ್ತದೆ ಎಂದು ಇದರಿಂದ ತೀರ್ಮಾನಿಸುವುದೂ ತಪ್ಪೇ. ಒಡಿಶಾದ ಚಿಲಿಕಾ ಸರೋವರ ಚೇತರಿಸಿಕೊಂಡದ್ದು ಮನುಷ್ಯ ಕೈ ಹಾಕಿದ್ದರಿಂದಲೇ. ಮಹಾನದಿಯ ಕವಲುಗಳು ತಂದ ಹೂಳು ಸಮುದ್ರದ ಬಾಯಿಯನ್ನು ಮುಚ್ಚುತ್ತ ಬಂದಿತ್ತು, ಉಪ್ಪು ಕಡಿಮೆಯಾಗಿ ಸಿಹಿನೀರಿನ ಕಳೆ ಹಬ್ಬಿತ್ತು, ಮೀನು ಇಳಿದಿತ್ತು. ಅಪಾಯದಲ್ಲಿರುವ ಜೌಗು ಪ್ರದೇಶಗಳ ಅಂತರರಾಷ್ಟ್ರೀಯ ಪಟ್ಟಿಯಾದ ಮಾಂಟ್ರೋ ದಾಖಲೆಗೆ ಅದು 1993ರಲ್ಲಿ ಸೇರಿತು. 2000ದ ಸೆಪ್ಟೆಂಬರಿನಲ್ಲಿ ಮರಳ ದಿಬ್ಬವನ್ನು ಅಗೆದು ಸಮುದ್ರಕ್ಕೆ ಹೊಸ ಬಾಯಿ ತೆರೆದರು. ಉಪ್ಪುನೀರು ಒಳಬಂದರೆ ಸರೋವರ ಸಾಯುತ್ತದೆ ಎಂಬುದು ಒಳನಾಡಿನವರ ಊಹೆ. ಚಿಲಿಕಾ ಮೂಲತಃ ಸಿಹಿ–ಉಪ್ಪು ಬೆರೆತ ಲಗೂನು, ಅದರ ಸಿಗಡಿ, ಏಡಿ, ಮೀನುಗಳಲ್ಲಿ ಬಹಳಷ್ಟು ಬದುಕಿನ ಒಂದು ಹಂತವನ್ನು ಕಡಲಿನಲ್ಲಿ ಕಳೆಯುವಂಥವು. ಬಾಯಿ ತೆರೆದ ಮೇಲೆ ಮೀನುಗಾರರ ಬಲೆಗೆ ಸಿಗುವ ಮೀನು ಹಲವು ಪಟ್ಟು ಏರಿತು, ಕಳೆ ತಗ್ಗಿತು, 2002ರಲ್ಲಿ ಚಿಲಿಕಾದ ಹೆಸರನ್ನು ಆ ಪಟ್ಟಿಯಿಂದ ಕೈಬಿಡಲಾಯಿತು. ಸಾತಪಡಾದಲ್ಲಿ ಪ್ರವಾಸಿಗರು ದೋಣಿಯಿಂದ ನೋಡುವ ಇರಾವದ್ದಿ ಡಾಲ್ಫಿನ್‌ಗಳ ನೀರು ಹೀಗೆ ಅಗೆದು ಉಳಿಸಿಕೊಂಡದ್ದು. ಇನ್ನು ಡಾಲ್ಫಿನ್ ನೋಡುವುದು ನಿರಪಾಯದ ಕೆಲಸ ಎಂಬ ನಂಬಿಕೆಯೂ ಅರ್ಧ ಸತ್ಯ. ಕಲಕಿದ ನೀರಿನಲ್ಲಿ ದಾರಿಗೂ ಬೇಟೆಗೂ ಶಬ್ದವನ್ನೇ ನೆಚ್ಚಿಕೊಂಡ ಪ್ರಾಣಿಯ ಹಿಂದೆ ಹತ್ತಾರು ಮೋಟಾರು ದೋಣಿ ಓಡಿದರೆ ಅದಕ್ಕೆ ಕಿವಿಯೂ ಇಲ್ಲ, ಕಣ್ಣೂ ಇಲ್ಲ.

ಕಾಡಿನ ವಿಷಯಕ್ಕೆ ಬಂದರೆ, ದಟ್ಟವಾದಷ್ಟೂ ಪ್ರಾಣಿ ಹೆಚ್ಚು ಎಂಬುದು ಎಲ್ಲಕ್ಕಿಂತ ವ್ಯಾಪಕವಾದ ಊಹೆ. ಆಗುಂಬೆಯಂಥ ಮಳೆಕಾಡಿನಲ್ಲಿ ಬೆಳಕೂ ಚಿಗುರೂ ಹಣ್ಣೂ ಇರುವುದು ಮೂವತ್ತು ಮೀಟರ್ ಮೇಲಿನ ಮರದ ಚಾವಣಿಯಲ್ಲಿ. ನೆಲದ ಮೇಲೆ ಹುಲ್ಲು ಕಡಿಮೆ, ಹುಲ್ಲು ತಿನ್ನುವವು ಕಡಿಮೆ, ಅವನ್ನು ತಿನ್ನುವ ಹುಲಿಯೂ ಕಡಿಮೆ. ಅಲ್ಲಿನ ಸಿರಿ ಕಪ್ಪೆ, ಹಾವು, ಕೀಟ, ಆರ್ಕಿಡ್‌ಗಳಲ್ಲಿದೆ. ಜಿಂಕೆ, ಕಾಟಿ, ಹುಲಿಗಳ ಸಾಂದ್ರತೆ ಹೆಚ್ಚಿರುವುದು ನಾಗರಹೊಳೆ, ಬಂಡೀಪುರದಂಥ ಎಲೆ ಉದುರುವ ಕಾಡಿನಲ್ಲಿ. ಆಗುಂಬೆಗೆ ಹೋಗಿ ಹುಲಿ ಕಾಣಲಿಲ್ಲವೆಂದು ಮುನಿಸಿಕೊಳ್ಳುವುದು ಅಕ್ಕಸಾಲಿಗನ ಅಂಗಡಿಯಲ್ಲಿ ಅಕ್ಕಿ ಕೇಳಿದಂತೆ.

ಹಸಿರೆಲ್ಲ ಆರೋಗ್ಯದ ಗುರುತು ಎಂಬುದು ಇದರ ಬೆನ್ನಿಗೇ ಬರುವ ತಪ್ಪು. ಸಫಾರಿ ರಸ್ತೆಯ ಇಕ್ಕೆಲಗಳಲ್ಲಿ ಬಣ್ಣದ ಹೂಗೊಂಚಲು ಹೊತ್ತು ಹಬ್ಬಿದ ಲಂಟಾನ ಮಧ್ಯ ಮತ್ತು ದಕ್ಷಿಣ ಅಮೆರಿಕದ ಗಿಡ, ಬ್ರಿಟಿಷರು 19ನೇ ಶತಮಾನದಲ್ಲಿ ತೋಟದ ಅಂದಕ್ಕೆಂದು ತಂದದ್ದು. ಅದರ ಅಡಿಯಲ್ಲಿ ಹುಲ್ಲು ಬೆಳೆಯದು, ಸಸಿಗಳು ಮೇಲೇಳುವುದು ಕಷ್ಟ.

ಬಿಳಿಗಿರಿರಂಗನ ಬೆಟ್ಟದ ಸೋಲಿಗರನ್ನು ಕೇಳಿದರೆ ಲಂಟಾನದ ಕಥೆಗೆ ಬೆಂಕಿಯ ಕಥೆಯೂ ಸೇರಿಕೊಳ್ಳುತ್ತದೆ. ಕಾಡಿಗೆ ಬೆಂಕಿ ಎಂದರೆ ಸರ್ವನಾಶ ಎಂದು ಪಟ್ಟಣದ ಓದುಗರು ತಿಳಿದಿರುತ್ತಾರೆ. ಬಿರುಬೇಸಗೆಯಲ್ಲಿ ಮರದ ನೆತ್ತಿಗೇರುವ ಬೆಂಕಿಯ ಮಟ್ಟಿಗೆ ಅದು ನಿಜವೇ. ಸೋಲಿಗರ ‘ತರಗುಬೆಂಕಿ’ ಬೇರೆ. ಬೇಸಗೆ ಬಲಿಯುವ ಮೊದಲೇ, ಉದುರಿದ ತರಗೆಲೆಯಷ್ಟನ್ನೇ ಸುಟ್ಟುಕೊಂಡು ನೆಲಮಟ್ಟದಲ್ಲಿ ಓಡಿಹೋಗುವ ಸಣ್ಣ ಬೆಂಕಿ ಅದು. ಅದರಿಂದ ಹುಲ್ಲು ಚಿಗುರುತ್ತಿತ್ತು, ಲಂಟಾನದ ಮೊಳಕೆ ಸಾಯುತ್ತಿತ್ತು, ನೆಲ್ಲಿ ಮರಕ್ಕೆ ಹತ್ತುವ ‘ಉಪ್ಪಿಲು’ ಎಂಬ ಬಂದಳಿಕೆ ಹತೋಟಿಯಲ್ಲಿರುತ್ತಿತ್ತು ಎನ್ನುವುದು ಅವರ ವಾದ. 1974ರಲ್ಲಿ ಅಭಯಾರಣ್ಯ ಘೋಷಣೆಯಾದ ಮೇಲೆ ಬೆಂಕಿ ನಿಂತಿತು, ಲಂಟಾನ ಬೆಟ್ಟವನ್ನು ಆವರಿಸಿತು. ಉಪ್ಪಿಲು ನೆಲ್ಲಿ ಮರಗಳನ್ನು ಕೊಲ್ಲುತ್ತಿರುವುದನ್ನು ಪರಿಸರ ವಿಜ್ಞಾನಿಗಳೂ ಗುರುತಿಸಿದ್ದಾರೆ. 2011ರಲ್ಲಿ ಅರಣ್ಯ ಹಕ್ಕು ಕಾಯ್ದೆಯಡಿ ಸೋಲಿಗರ ಸಮುದಾಯ ಹಕ್ಕುಗಳಿಗೆ ಮಾನ್ಯತೆ ಸಿಕ್ಕಿತು, ಅದೇ ವರ್ಷ ಬೆಟ್ಟ ಹುಲಿ ಸಂರಕ್ಷಿತ ಪ್ರದೇಶವೂ ಆಯಿತು. ಜನರಿದ್ದಲ್ಲಿ ಹುಲಿ ಇರದು ಎಂಬ ನಂಬಿಕೆಯನ್ನು ಈ ಬೆಟ್ಟದ ಹುಲಿಗಳು ಕೇಳಿಸಿಕೊಂಡಂತಿಲ್ಲ.

ಪೆರಿಯಾರ್‌ನಲ್ಲಿ ಇದಕ್ಕೂ ವಿಚಿತ್ರವಾದದ್ದು ನಡೆಯಿತು. ಕಾಡಿನ ದಾಲ್ಚಿನ್ನಿ ಜಾತಿಯ ‘ವಯನ’ ಮರದ ತೊಗಟೆಯನ್ನು ಕದ್ದು ಮಾರುತ್ತಿದ್ದವರನ್ನೇ, 1990ರ ದಶಕದಲ್ಲಿ ಶುರುವಾದ ಪರಿಸರ ಅಭಿವೃದ್ಧಿ ಯೋಜನೆಯಡಿ ಸಮಿತಿ ಕಟ್ಟಿಸಿ, ಪ್ರವಾಸಿಗರ ಮಾರ್ಗದರ್ಶಕರನ್ನಾಗಿಯೂ ಕಾಡಿನ ಗಸ್ತುಗಾರರನ್ನಾಗಿಯೂ ಮಾಡಲಾಯಿತು. ಕಳ್ಳದಾರಿಗಳನ್ನು ಅವರಷ್ಟು ಬಲ್ಲವರು ಬೇರೆ ಯಾರಿದ್ದರು?

‘ಇಕೋ’ ಎಂಬ ಬೋರ್ಡು ಇದ್ದರೆ ಸರ್ಕಾರವೇ ಪರೀಕ್ಷಿಸಿ ಕೊಟ್ಟ ಮುದ್ರೆ ಎಂಬ ಭಾವನೆಗೆ ಹೆಚ್ಚಿನ ವಿವರಣೆ ಬೇಡ. ಆ ಎರಡಕ್ಷರವನ್ನು ಯಾವ ರೆಸಾರ್ಟ್ ಬೇಕಾದರೂ ಹೆಸರಿಗೆ ಅಂಟಿಸಿಕೊಳ್ಳಬಹುದು. ಕಾನೂನು ನಿಜವಾಗಿ ಹೇಳುವುದು ಬೇರೆಯದು. 2012ರ ಜುಲೈನಲ್ಲಿ ಸುಪ್ರೀಂ ಕೋರ್ಟ್ ಹುಲಿ ಮೀಸಲುಗಳ ತಿರುಳು ಪ್ರದೇಶದಲ್ಲಿ ಪ್ರವಾಸೋದ್ಯಮವನ್ನು ತಾತ್ಕಾಲಿಕವಾಗಿ ತಡೆಯಿತು. ಅಕ್ಟೋಬರಿನಲ್ಲಿ ರಾಷ್ಟ್ರೀಯ ಹುಲಿ ಸಂರಕ್ಷಣಾ ಪ್ರಾಧಿಕಾರದ ಮಾರ್ಗಸೂಚಿ ಬಂದ ಮೇಲೆ ತಡೆ ತೆರವಾಯಿತು. ತಿರುಳು ಪ್ರದೇಶದಲ್ಲಿ ಶೇ 20ಕ್ಕಿಂತ ಹೆಚ್ಚು ಭಾಗವನ್ನು ಪ್ರವಾಸಕ್ಕೆ ಬಳಸುವಂತಿಲ್ಲ ಎಂಬುದು ಆ ಮಾರ್ಗಸೂಚಿಯ ಮುಖ್ಯ ಮಾತು. ಸಫಾರಿಯಲ್ಲಿ ಕಾಣುವುದು ಕಾಡಿನ ಒಂದು ಅಂಚು ಮಾತ್ರ ಎಂಬುದು ಇದರಿಂದ ತಿಳಿಯುತ್ತದೆ.

ದ್ವೀಪಗಳ ಬಗ್ಗೆ ಇರುವ ಮೊದಲ ತಪ್ಪು ಭೂಗೋಳದ್ದು: ಬಿಸಿಲು ಸೀಮೆಯ ದ್ವೀಪಗಳೆಲ್ಲ ಹವಳದವು ಎಂಬುದು. ಅಂಡಮಾನ್ ಬರ್ಮಾದ ಅರಾಕನ್ ಪರ್ವತ ಸಾಲು ಕಡಲಲ್ಲಿ ಮುಳುಗಿ ಮುಂದುವರಿದ ತುದಿಗಳ ಸರಣಿ, ಅಲ್ಲಿನ ಹವಳ ಬೆಟ್ಟದ ಬುಡಕ್ಕೆ ಕಟ್ಟಿದ ಅಂಚುಪಟ್ಟಿ. ಮಲ್ಪೆಯೆದುರಿನ ಸೇಂಟ್ ಮೇರಿ ದ್ವೀಪದ ಆರು ಮೂಲೆಯ ಕಂಬಗಳು ಸುಮಾರು 8.8 ಕೋಟಿ ವರ್ಷದ ಹಿಂದೆ, ಮಡಗಾಸ್ಕರ್ ಭಾರತದಿಂದ ಬಿರಿದ ಕಾಲದಲ್ಲಿ, ಹರಿದು ತಣಿದ ಲಾವಾ. ಮುರ್ಡೇಶ್ವರದಿಂದ ಮುಳುಗುಗಾರರು ಹೋಗುವ ನೇತ್ರಾಣಿ ಬಂಡೆಯ ದ್ವೀಪ, ಸುತ್ತ ಹವಳ ಹತ್ತಿದೆ ಅಷ್ಟೆ. ಯಾರೂ ಮುಟ್ಟದ ಲೋಕವೆಂದು ಹೊಗಳಿಸಿಕೊಳ್ಳುವ ಈ ನೇತ್ರಾಣಿಯನ್ನು ನೌಕಾಪಡೆ ಗುಂಡಿನ ಗುರಿ ಅಭ್ಯಾಸಕ್ಕೆ ಬಳಸಿದೆ.

ನಿಜವಾದ ಹವಳದ ದ್ವೀಪಗಳು ಲಕ್ಷದ್ವೀಪ. 1956ರವರೆಗೆ ಅದರ ಅಮೀನ್‌ದಿವಿ ಗುಂಪು ದಕ್ಷಿಣ ಕನ್ನಡ ಜಿಲ್ಲೆಯ ಭಾಗವಾಗಿತ್ತು. ಒಟ್ಟು ನೆಲ 32 ಚದರ ಕಿಲೋಮೀಟರ್, ಎತ್ತರ ಸಮುದ್ರ ಮಟ್ಟದಿಂದ ಕೆಲವೇ ಮೀಟರ್. ಅಲ್ಲಿ ಬಾವಿ ತೋಡಿದರೆ ಉಪ್ಪುನೀರೇ ಬರುತ್ತದೆ ಎಂದು ಹೊರಗಿನವರು ತಿಳಿಯುತ್ತಾರೆ. ಮಳೆಯ ಸಿಹಿನೀರು ಹಗುರವಾದ್ದರಿಂದ ಮರಳಿನ ಅಡಿಯಲ್ಲಿ ಉಪ್ಪುನೀರಿನ ಮೇಲೆ ತೆಳ್ಳಗೆ ತೇಲಿಕೊಂಡಿರುತ್ತದೆ. ಬಾವಿಗಳಲ್ಲಿ ಸಿಗುವುದು ಅದೇ. ಪಂಪಿನಿಂದ ಬಿರುಸಾಗಿ ಎಳೆದರೆ ಕೆಳಗಿನ ಉಪ್ಪು ಮೇಲೇರುತ್ತದೆ, ಆಮೇಲೆ ಸಿಹಿಯಾಗಲು ಮಳೆಗಾಲಗಳನ್ನೇ ಕಾಯಬೇಕು. ಹಾಗಾಗಿ ಅಲ್ಲಿ ಎಷ್ಟು ಅತಿಥಿಗಳು ಎಂಬ ಪ್ರಶ್ನೆ ಕೋಣೆಗಳದ್ದಲ್ಲ, ನೀರಿನದು. ಮುದ್ದಾಗಿ ಕಾಣುವ ಬಿಳಿ ಮರಳಿನಲ್ಲಿ ಬಹುಪಾಲು ಪುಡಿಯಾದ ಹವಳ, ಚಿಪ್ಪು. ಗಿಳಿಮೀನು ಹವಳದ ಬಂಡೆಯನ್ನು ಕೆರೆದು ತಿಂದು ಹಿಂದಿನಿಂದ ಬಿಡುವುದೂ ಅದರಲ್ಲಿದೆ. ದೊಡ್ಡ ಜಾತಿಯ ಒಂದು ಮೀನು ವರ್ಷಕ್ಕೆ ನೂರಾರು ಕಿಲೋ ಮರಳು ಮಾಡುತ್ತದೆ.

ಹವಳ ಕಲ್ಲೂ ಅಲ್ಲ, ಗಿಡವೂ ಅಲ್ಲ, ಪ್ರಾಣಿ. ಅದಕ್ಕೆ ಬಣ್ಣವನ್ನೂ ಊಟದ ದೊಡ್ಡ ಪಾಲನ್ನೂ ಕೊಡುವುದು ಒಳಗೆ ವಾಸಿಸುವ ಸೂಕ್ಷ್ಮ ಪಾಚಿ. ನೀರು ವಾಡಿಕೆಯ ಬೇಸಗೆಗಿಂತ ಒಂದೆರಡು ಡಿಗ್ರಿ ಹೆಚ್ಚು ಬಿಸಿಯಾಗಿ ವಾರಗಟ್ಟಲೆ ಹಾಗೆಯೇ ಇದ್ದರೆ ಹವಳ ಪಾಚಿಯನ್ನು ಹೊರಹಾಕಿ ಬಿಳಿಚಿಕೊಳ್ಳುತ್ತದೆ. ಬಿಳಿಚಿದ ಹವಳ ಸತ್ತದ್ದೆಂದು ತಿಳಿದು ಅದರ ಮೇಲೆ ಕಾಲೂರುವವರಿದ್ದಾರೆ. ಅದು ಸತ್ತಿಲ್ಲ, ಹಸಿದಿದೆ. ನೀರು ಬೇಗ ತಣಿದರೆ ಚೇತರಿಸಿಕೊಳ್ಳಬಲ್ಲದು. 1998, 2010, 2016ರ ಬಿಸಿ ಅಲೆಗಳಲ್ಲಿ ಲಕ್ಷದ್ವೀಪದ ಹವಳ ಹೀಗೆ ಬಿಳಿಚಿ ಬಹಳಷ್ಟು ಸತ್ತಿತು, ಉಳಿದದ್ದು ಮತ್ತೆ ಬೆಳೆಯತೊಡಗಿತು.

ಅಂಡಮಾನಿನ ಸ್ವರಾಜ್ ದ್ವೀಪದಲ್ಲಿ ಕಡಲಲ್ಲಿ ಈಜುತ್ತಿದ್ದ ರಾಜನ್ ಎಂಬ ಆನೆಯ ಚಿತ್ರ ಲೋಕವನ್ನೆಲ್ಲ ಸುತ್ತಿತು. ಅಂಡಮಾನಿಗೆ ಆನೆ ಸ್ವಂತದ ಪ್ರಾಣಿಯೇ ಅಲ್ಲ. ರಾಜನ್ ದಿಮ್ಮಿ ಎಳೆಯಲು ಮುಖ್ಯಭೂಮಿಯಿಂದ ತಂದಿದ್ದ ಆನೆ, ದ್ವೀಪದಿಂದ ದ್ವೀಪಕ್ಕೆ ಈಜಲು ಕಲಿತದ್ದೂ ಆ ದುಡಿಮೆಗಾಗಿಯೇ. 2016ರಲ್ಲಿ ಅದು ಸತ್ತಿತು. ಇಂಟರ್‌ವ್ಯೂ ದ್ವೀಪದಲ್ಲಿ ಇಂದು ಕಾಡಾನೆಗಳೆಂದು ಕರೆಸಿಕೊಳ್ಳುವವು 1960ರ ದಶಕದಲ್ಲಿ ದಿವಾಳಿಯಾದ ಮರದ ವ್ಯಾಪಾರಿ ಬಿಟ್ಟುಹೋದ ಆನೆಗಳ ಸಂತತಿ, ಅಲ್ಲಿನ ಗಿಡಮರಗಳಿಗೆ ಅವು ಹೊರೆ. ಬ್ರಿಟಿಷರು ತಂದುಬಿಟ್ಟ ಚುಕ್ಕೆ ಜಿಂಕೆಗಳೂ ಹಾಗೆಯೇ, ತಿನ್ನಲು ಹುಲಿಯಿಲ್ಲದೆ ಹೆಚ್ಚಿ ಕಾಡಿನ ಸಸಿಗಳನ್ನು ಸವರುತ್ತಿವೆ.

ಆದಿವಾಸಿಗಳನ್ನು ನೋಡುವುದೂ ದ್ವೀಪಯಾತ್ರೆಯ ಭಾಗ ಎಂಬ ನಂಬಿಕೆ ಎಲ್ಲಕ್ಕಿಂತ ಕೆಡುಕಿನದು. ಜಾರವಾ ಜನರ ಮೀಸಲಿನ ನಡುವೆ ಹಾದುಹೋಗುವ ಅಂಡಮಾನ್ ಟ್ರಂಕ್ ರಸ್ತೆಯ ಆ ಭಾಗವನ್ನು ಮುಚ್ಚಬೇಕೆಂದು ಸುಪ್ರೀಂ ಕೋರ್ಟ್ 2002ರಲ್ಲಿ ಆದೇಶಿಸಿತು. ಹೊರಗಿನವರ ಸಂಪರ್ಕ ಎಷ್ಟು ದುಬಾರಿಯೆಂಬುದಕ್ಕೆ ಹಳೆಯ ದಾಖಲೆಯೂ ಇತ್ತು, ಹೊಸದೂ ಇತ್ತು: 1877ರ ದಡಾರ ಗ್ರೇಟ್ ಅಂಡಮಾನಿಗಳನ್ನು ನೂರುಗಟ್ಟಲೆ ಬಲಿ ತೆಗೆದುಕೊಂಡಿತ್ತು, 1999ರಲ್ಲಿ ಅದೇ ದಡಾರ ಜಾರವಾಗಳಲ್ಲಿ ಕಾಣಿಸಿಕೊಂಡಿತು. ರಸ್ತೆ ಮುಚ್ಚಲಿಲ್ಲ. ಜಿರ್ಕಾಟಾಂಗ್ ಗೇಟಿನಿಂದ ಗೊತ್ತಾದ ವೇಳೆಗೆ ಬೆಂಗಾವಲಿನೊಂದಿಗೆ ವಾಹನಗಳ ಸಾಲು ಹೊರಡುತ್ತದೆ, ನಡುವೆ ನಿಲ್ಲಿಸುವುದೂ ಫೋಟೊ ತೆಗೆಯುವುದೂ ಅಪರಾಧ. ಬಾರಾಟಾಂಗಿನ ಸುಣ್ಣದ ಗುಹೆಗಳಿಗೆ ಹೊರಟ ಪ್ರವಾಸಿ ಬಸ್ಸುಗಳೂ ಆ ಸಾಲಿನಲ್ಲಿರುತ್ತವೆ.