ಪ್ರವಾಸ ಹೊರಡಿಸಿದ ಊರು, ಪ್ರವಾಸಿಗರು ಇಳಿಯದ ಊರು

ಇಂಗ್ಲೆಂಡಿಗೆ ಹೋದವರು ಲಂಡನ್ ನೋಡುತ್ತಾರೆ, ಆಕ್ಸ್‌ಫರ್ಡ್, ಕೇಂಬ್ರಿಜ್‌ಗಳಿಗೆ ಹೋಗುತ್ತಾರೆ, ಷೇಕ್ಸ್‌ಪಿಯರ್ ಹುಟ್ಟಿದ ಮನೆಯ ಮುಂದೆ ಫೋಟೊ ತೆಗೆಸಿಕೊಳ್ಳುತ್ತಾರೆ. ಲಂಡನ್ನಿನಿಂದ ರೈಲಿನಲ್ಲಿ ಒಂದೂಕಾಲು ಗಂಟೆಯ ಹಾದಿಯಲ್ಲಿರುವ ಲೆಸ್ಟರ್‌ನಲ್ಲಿ ಮಾತ್ರ ಇಳಿಯುವವರು ಕಡಿಮೆ. ಕಾಲುಚೀಲ, ಬನಿಯನ್ನು ಹೆಣೆದು ಬದುಕಿದ ಕಾರ್ಖಾನೆ ಊರಿನಲ್ಲಿ ನೋಡುವುದೇನಿದೆ ಎಂಬ ಭಾವನೆ ಇದಕ್ಕೆ ಕಾರಣ.

ವಿಚಿತ್ರವೆಂದರೆ, ಆಧುನಿಕ ಪ್ರವಾಸೋದ್ಯಮದ ಕಥೆ ಶುರುವಾದದ್ದೇ ಇಲ್ಲಿಂದ. ಸ್ಟೇಷನ್ನಿನ ಹೊರಗೆ ಥಾಮಸ್ ಕುಕ್‌ನ ಪ್ರತಿಮೆ ಇದೆ. ಮರಗೆಲಸ ಕಲಿತಿದ್ದ ಈತ ಪಾನನಿರೋಧದ ಪ್ರಚಾರಕ. 1841ರ ಜುಲೈ 5ರಂದು ಸುಮಾರು 500 ಜನರನ್ನು, ತಲೆಗೊಂದು ಷಿಲಿಂಗ್ ಪಡೆದು, ವಿಶೇಷ ರೈಲಿನಲ್ಲಿ ಲಫ್‌ಬರೋದ ಸಭೆಗೆ ಕರೆದೊಯ್ದ. ಮುಂದೆ ಜಗತ್ತಿಗೆಲ್ಲ ಟಿಕೆಟ್ ಮಾರಿದ ಅವನ ಹೆಸರಿನ ಕಂಪನಿ 2019ರಲ್ಲಿ ದಿವಾಳಿಯಾಯಿತು.

ಸ್ಟೇಷನ್ನಿನಿಂದ ನಡೆದೇ ಕೆಥೆಡ್ರಲ್ ತಲುಪಬಹುದು. 1485ರಲ್ಲಿ ಬಾಸ್ವರ್ತ್ ಕಾಳಗದಲ್ಲಿ ಸತ್ತ ಮೂರನೇ ರಿಚರ್ಡ್ ದೊರೆಯನ್ನು ಈ ಊರಿನ ಸನ್ಯಾಸಿ ಮಠವೊಂದರಲ್ಲಿ ಹೂಳಲಾಗಿತ್ತು. ಮಠ ಅಳಿಯಿತು, ಸಮಾಧಿಯ ಗುರುತೂ ಅಳಿಯಿತು. 2012ರಲ್ಲಿ ನಗರಸಭೆಯ ಕಾರು ನಿಲ್ದಾಣವೊಂದನ್ನು ಅಗೆದಾಗ ಬೆನ್ನುಮೂಳೆ ಬಾಗಿದ ಅಸ್ಥಿಪಂಜರ ಸಿಕ್ಕಿತು. ದೊರೆಯ ಅಕ್ಕನ ಹೆಣ್ಣುಸಂತತಿಯವರ ಡಿಎನ್‌ಎ ಅದಕ್ಕೆ ತಾಳೆಯಾಯಿತು. 2015ರ ಮಾರ್ಚ್‌ನಲ್ಲಿ ಕೆಥೆಡ್ರಲ್‌ನಲ್ಲಿ ಅವನ ಮರುಸಂಸ್ಕಾರ ನಡೆಯಿತು. ಡಿಎನ್‌ಎ ಬೆರಳಚ್ಚಿನ ವಿಧಾನವನ್ನು ಅಲೆಕ್ ಜೆಫ್ರೀಸ್ 1984ರಲ್ಲಿ ಕಂಡುಹಿಡಿದದ್ದೂ ಇದೇ ಊರಿನ ವಿಶ್ವವಿದ್ಯಾಲಯದಲ್ಲಿ.

ಮಧ್ಯಾಹ್ನದ ಊಟಕ್ಕೆ ಊರಿನ ಉತ್ತರಕ್ಕೆ, ಬೆಲ್‌ಗ್ರೇವ್ ರಸ್ತೆಗೆ ಹೋಗಬೇಕು. ಸೀರೆ, ಒಡವೆ, ಸಿಹಿತಿಂಡಿಗಳ ಅಂಗಡಿಗಳು ಇಲ್ಲಿ ಸಾಲುಗಟ್ಟಿವೆ. ಇದರ ಹಿಂದೆ ಕಹಿಯಾದ ಕಥೆಯೊಂದಿದೆ. 1972ರಲ್ಲಿ ಇದಿ ಅಮೀನ್ ಉಗಾಂಡದ ಏಷ್ಯನ್ನರಿಗೆ ದೇಶ ಬಿಡಲು 90 ದಿನ ಗಡುವು ಕೊಟ್ಟ. ನಮ್ಮ ಊರಿಗೆ ಬರಬೇಡಿ ಎಂದು ಲೆಸ್ಟರ್ ನಗರಸಭೆ ಉಗಾಂಡದ ಪತ್ರಿಕೆಯಲ್ಲೇ ಜಾಹೀರಾತು ಹಾಕಿತು. ಅದನ್ನು ಓದಿಯೂ ಸಾವಿರಾರು ಮಂದಿ ಬಂದರು. ಮೊದಲು ಗಿರಣಿಗಳಲ್ಲಿ ದುಡಿದರು, ಆಮೇಲೆ ಅಂಗಡಿ ತೆರೆದರು. ಆಕ್ಸ್‌ಫರ್ಡ್ ರಸ್ತೆಯ ಹಳೆಯ ಕ್ರೈಸ್ತ ಪ್ರಾರ್ಥನಾಲಯವೊಂದು 1980ರ ದಶಕದಲ್ಲಿ ಅಮೃತಶಿಲೆಯ ಜೈನ ಮಂದಿರವಾಯಿತು.

2021ರ ಜನಗಣತಿಯ ಪ್ರಕಾರ ಊರಿನ ಶೇ 43ರಷ್ಟು ಮಂದಿ ಏಷ್ಯಾ ಮೂಲದವರು. ಎಲ್ಲವೂ ಸುಗಮವೆಂದಲ್ಲ, 2022ರಲ್ಲಿ ಹಿಂದೂ-ಮುಸ್ಲಿಂ ಯುವಕರ ನಡುವೆ ಗಲಭೆಯೂ ನಡೆಯಿತು. ಆದರೂ ಅಂದು ಬಾಗಿಲು ಮುಚ್ಚಲು ಹೊರಟ ನಗರಸಭೆಯೇ ಮುಂದೆ ಹಲವು ವರ್ಷ ಬೆಲ್‌ಗ್ರೇವ್ ರಸ್ತೆಯಲ್ಲಿ ದೀಪಾವಳಿ ನಡೆಸಿತು.

ದೊರೆಯ ಸಮಾಧಿಯನ್ನೇ ಮರೆತಿದ್ದ ಊರು ಆ ಜಾಹೀರಾತನ್ನು ಮಾತ್ರ ಮರೆತಿಲ್ಲ. ಇಷ್ಟು ನೋಡಲು ಒಂದು ದಿನ ಸಾಕು. ರೈಲಿನಿಂದ ಇಳಿಯುವ ಮನಸ್ಸು ಬೇಕು, ಅಷ್ಟೆ.