ಸಹಿ ಬಿದ್ದ ಮೇಲೂ ಮುಗಿಯದ ಯುದ್ಧ

1918ರ ಅಕ್ಟೋಬರ್ 26ಕ್ಕೂ 30ಕ್ಕೂ ನಡುವೆ ಇರೋದು ನಾಲ್ಕೇ ದಿನ. 30ನೇ ತಾರೀಖು ಮುದ್ರೋಸ್ ಬಂದರಿನಲ್ಲಿ ಲಂಗರು ಹಾಕಿದ್ದ ಬ್ರಿಟಿಷ್ ಯುದ್ಧನೌಕೆಯೊಂದರಲ್ಲಿ ತುರ್ಕಿಯವರು ಕದನವಿರಾಮಕ್ಕೆ ಸಹಿ ಹಾಕಿದರು. 26ರಂದು, ಸಿರಿಯಾದ ಅಲೆಪ್ಪೊ ನಗರದ ಆಚೆ ಹರಿತಾನ್ ಎಂಬ ಹಳ್ಳಿಯ ಹತ್ತಿರ, ನಮ್ಮ ಮೈಸೂರು ಲ್ಯಾನ್ಸರ್ಸ್ ಸವಾರರು ಭರ್ಜಿ ಹಿಡಿದು ಕುದುರೆ ಓಡಿಸಿದ್ದರು. ಜೊತೆಗಿದ್ದವರು ಜೋಧಪುರದವರು. ಆ ದಿನ ಇಪ್ಪತ್ತೊಂದು ಜನ ಸತ್ತರು. ಇನ್ನು ನಾಲ್ಕು ದಿನ ಕಳೆದಿದ್ದರೆ ಅವರು ಬದುಕಿರುತ್ತಿದ್ದರಲ್ಲ ಅನ್ನೋದು ನನ್ನ ತಲೆಯಿಂದ ಹೋಗುತ್ತಲೇ ಇಲ್ಲ.

ಈ ಲೇಖನ ಬರೀತೀನಿ ಅಂದಾಗ ನಮ್ಮ ಕೂಟದ ಗೆಳೆಯನೊಬ್ಬ ಕೇಳಿದ: "ಏನಯ್ಯ, ಬ್ರಿಟಿಷರ ಪರವಾಗಿ ಸಂಬಳಕ್ಕೆ ಕಾದಾಡಿದವರ ಕತೆ ಕನ್ನಡ ಪತ್ರಿಕೇಲಿ ಯಾಕೆ?" ಪ್ರಶ್ನೆ ಸರಿಯಾದದ್ದೇ. ಅದನ್ನು ಪಕ್ಕಕ್ಕೆ ತಳ್ಳೋದು ಬೇಡ. ಯುದ್ಧ ಅವರದಲ್ಲ, ನಿಜ. ಮಹಾರಾಜರು 1914ರಲ್ಲಿ ಯುದ್ಧನಿಧಿಗೆ ಐವತ್ತು ಲಕ್ಷ ರೂಪಾಯಿ ಕೊಟ್ಟರು, ರಿಸಾಲೆಯನ್ನೂ ಕಳಿಸಿದರು. ಯಾವ ಸವಾರನನ್ನೂ 'ನಿನಗೆ ಒಪ್ಪಿಗೆಯೇನಪ್ಪ' ಅಂತ ಕೇಳಲಿಲ್ಲ. ಆದರೆ ಮನೆ ಮಾತ್ರ ಅವನದೇ ಆಗಿತ್ತು. ನಾನು ಬರೆಯ ಹೊರಟಿರೋದು ಆ ಮನೆಯ ವಿಷಯ.

ದೆಹಲಿಯ ನಮಗೆಲ್ಲ ತೀನ್ ಮೂರ್ತಿ ಗೊತ್ತು. ಬಸ್ಸಿನಲ್ಲಿ ಅದನ್ನು ಸುತ್ತು ಹಾಕಿಕೊಂಡು ಹೋಗುವಾಗ ಆ ಮೂರು ಪ್ರತಿಮೆಗಳು ಯಾರವು ಅಂತ ಕೇಳುವವರು ಕಡಿಮೆ. ಮೈಸೂರು, ಜೋಧಪುರ, ಹೈದರಾಬಾದು ಸಂಸ್ಥಾನಗಳ ರಿಸಾಲೆಗಳ ನೆನಪಿಗೆ 1922ರಲ್ಲಿ ನಿಲ್ಲಿಸಿದ್ದು ಅವು. ಅಲ್ಲಿ ಎಲ್ಲರೂ ಹೇಳೋ ಹೆಸರು ಹೈಫಾ. 1918ರ ಸೆಪ್ಟೆಂಬರ್ 23ರಂದು ಮೈಸೂರಿನವರು ಕಾರ್ಮೆಲ್ ಗುಡ್ಡ ಹತ್ತಿ ಫಿರಂಗಿಗಳನ್ನು ಹಿಡಿದರು, ಜೋಧಪುರದವರು ಊರೊಳಕ್ಕೆ ನುಗ್ಗಿದರು. ಸಾವಿರದ ಮುನ್ನೂರಕ್ಕೂ ಮಿಕ್ಕಿ ಕೈದಿಗಳು ಸಿಕ್ಕರು. ಗೆಲುವು ದೊಡ್ಡದು, ನಷ್ಟ ಸಣ್ಣದು. ಅದಕ್ಕೇ ಹಾಡಿ ಹೊಗಳೋಕೆ ಹೈಫಾ ಸುಲಭ. 2018ರಲ್ಲಿ ಆ ವೃತ್ತಕ್ಕೆ ತೀನ್ ಮೂರ್ತಿ ಹೈಫಾ ಚೌಕ ಅಂತ ಹೆಸರೂ ಆಯಿತು.

ಹರಿತಾನ್ ಹಾಗಲ್ಲ. ಸೆಪ್ಟೆಂಬರ್ 19ರಿಂದ ಇವರ ಡಿವಿಜನ್ನು ಸುಮಾರು ಐನೂರೈವತ್ತು ಮೈಲಿ ನಡೆದಿತ್ತು. ದಾರಿಯಲ್ಲಿ ಮಲೇರಿಯಾ, ಅದರ ಹಿಂದೆಯೇ ಇನ್‌ಫ್ಲುಯೆಂಜಾ. ದಮಾಸ್ಕಸ್ ತಲಪೋ ಹೊತ್ತಿಗೆ ಬೇರೆ ಡಿವಿಜನ್ನುಗಳು ಜ್ವರದಲ್ಲಿ ಮಲಗಿಬಿಟ್ಟವು; ಗಟ್ಟಿಯಾಗಿ ಉಳಿದಿದ್ದವರು ಇವರೇ ಅಂತ ಇವರನ್ನೇ ಮುಂದಕ್ಕೆ ಅಟ್ಟಿದರು. ನಮ್ಮಲ್ಲಿ ದುಡಿಯೋ ಎತ್ತಿಗೇ ಇನ್ನೊಂದು ಗಳೆ ಕಟ್ಟೋದುಂಟಲ್ಲ, ಹಾಗೆ. ಹರಿತಾನಿನಲ್ಲಿ ಎದುರಿಗಿದ್ದವರು ಚದುರಿದ ಸಣ್ಣ ಗುಂಪು ಅಂತ ತಿಳಿದಿದ್ದರು. ನೋಡಿದರೆ ಸುಮಾರು ಮೂರು ಸಾವಿರ ಜನ, ಮೇಲೆ ತೋಪು, ಮಷೀನ್‌ಗನ್ನು. ಆ ಸೈನ್ಯದ ಸೇನಾಪತಿ ಮುಂದೆ ತುರ್ಕಿಯ ಅಧ್ಯಕ್ಷನಾದ ಮುಸ್ತಫಾ ಕೆಮಾಲ್. ದಾಳಿ ಮಾಡಿದವರು ಹಿಂದೆ ಸರಿಯಬೇಕಾಯಿತು. ತುರ್ಕಿಯವರು ಆ ರಾತ್ರಿಯೇ ಜಾಗ ಬಿಟ್ಟು ಹೊರಟರು. ಕಾದಿದ್ದರೆ ಸಾಕಿತ್ತು ಅಂತ ನನಗೆ ಅನ್ನಿಸುತ್ತೆ. ಮಿಲಿಟರಿ ಬಲ್ಲವರು ಬೇರೆ ಹೇಳಬಹುದು.

ಸರಿ, ಸಹಿ ಬಿತ್ತು. ಸಿಪಾಯಿ ಮರುದಿನ ಗಂಟುಮೂಟೆ ಕಟ್ಟಿ ಹಡಗು ಹತ್ತಿದನೆ? ಇಲ್ಲ. ಯುದ್ಧ ನಿಲ್ಲೋದಕ್ಕೆ ಕಾಗದ ಸಾಕು, ಊರಿಗೆ ಹೋಗೋದಕ್ಕೆ ಹಡಗು ಬೇಕು. ಲಕ್ಷಗಟ್ಟಲೆ ಜನ ಮನೆಗೆ ಹೋಗೋಕೆ ಕಾದಿದ್ದರು, ಹಡಗುಗಳು ಸಾಲದು. ಗೆದ್ದ ನಾಡಿಗೆ ಪಹರೆ ಬೇರೆ ಬೇಕಿತ್ತು. ಅಷ್ಟರಲ್ಲಿ 1919ರ ಮಾರ್ಚಿನಲ್ಲಿ ಈಜಿಪ್ಟಿನ ಜನ ಬ್ರಿಟಿಷರ ಮೇಲೆ ತಿರುಗಿಬಿದ್ದರು; ಬಿಡುಗಡೆಗೆ ಕಾದಿದ್ದ ಪಡೆಗಳನ್ನು ಮತ್ತೆ ತಡೆದು ನಿಲ್ಲಿಸಿದರು. ನಮ್ಮ ರಿಸಾಲೆ ಊರು ಕಂಡಾಗ 1920 ಬಂದಿತ್ತು. 1914ರ ಅಕ್ಟೋಬರಿನಲ್ಲಿ ಬೊಂಬಾಯಿ ಬಿಟ್ಟವರು! ಹೊರಟಾಗ ತೊಟ್ಟಿಲಲ್ಲಿದ್ದ ಮಗು ಈಗ ಐದು ದಾಟಿದ ಹುಡುಗ. 'ಯಾರೋ ಬಂದವ್ರೆ' ಅಂತ ಅಮ್ಮನ ಸೆರಗಿನ ಹಿಂದೆ ನಿಂತಿದ್ದರೆ ತಪ್ಪು ಹೇಳೋಕಾಗದು.

ಆ ಕಾಲದ ಸಿಪಾಯಿ ಏನು ಯೋಚಿಸುತ್ತಿದ್ದ ಅಂತ ತಿಳಿಯೋಕೆ ಒಂದು ದಾರಿ ಇದೆ. ಫ್ರಾನ್ಸಿನಲ್ಲಿದ್ದ ಭಾರತೀಯ ಸೈನಿಕರ ಕಾಗದಗಳನ್ನು ಸರ್ಕಾರ ಒಡೆದು ಓದಿ, ಇಂಗ್ಲಿಷಿಗೆ ಇಳಿಸಿ ಇಡುತ್ತಿತ್ತು. ಅವುಗಳನ್ನು ಡೇವಿಡ್ ಒಮಿಸಿ 1999ರಲ್ಲಿ ಪುಸ್ತಕ ಮಾಡಿದ್ದಾರೆ. ಹೆಚ್ಚಿನವು ಪಂಜಾಬಿನ ಕಡೆಯವರ ಕಾಗದ. ಬರೆಯಲು ಬಾರದವರು ಬಲ್ಲವರಿಂದ ಬರೆಸಿದ್ದು. ಮನಸ್ಸಿನ ಮಾತು ಮೂರು ಕೈ ದಾಟಿ ನಮಗೆ ಸಿಕ್ಕಿದೆ. ಆದರೂ ಕೇಳಿಸುತ್ತೆ: ಬೆಳೆ ಹೇಗಿದೆ, ಎಮ್ಮೆ ಕರೆಯುತ್ತಾ, ಗದ್ದೆಯ ವ್ಯಾಜ್ಯ ಏನಾಯಿತು, ತಂಗಿಗೆ ಗಂಡು ಗೊತ್ತಾಯಿತೆ. ಮೇಲಿನವರಿಗೆ ತಿಳಿಯಬಾರದ ಸುದ್ದಿಗೆ ಗೂಢ ಮಾತು. ಕರಿಮೆಣಸು ಅಂದರೆ ನಮ್ಮವರು, ಕೆಂಪು ಮೆಣಸು ಅಂದರೆ ಬಿಳಿಯರು. ಕರಿಮೆಣಸು ಮುಗೀತಾ ಬಂತು ಅಂದರೆ ಮನೆಯವರು ಅರ್ಥ ಮಾಡಿಕೊಳ್ಳಬೇಕು. ನಮ್ಮ ರಿಸಾಲೆಯ ದಖನಿ ಮುಸಲ್ಮಾನರೂ ಮರಾಠರೂ ಅರಸು ಮನೆತನದವರೂ ಕೇಳಿರಬಹುದಾದ ಪ್ರಶ್ನೆಗಳು ಇದಕ್ಕಿಂತ ತೀರ ಬೇರೆ ಅಂತ ನಾನು ನಂಬೋದಿಲ್ಲ. ರಾಗಿ ಅಂತ ಹಾಕಿಕೊಳ್ಳಿ, ಅಷ್ಟೆ.

ಕ್ರೂರವಾದದ್ದು ಇನ್ನೊಂದಿದೆ. ಅವರು ದಮಾಸ್ಕಸ್ ದಾಟಿ ನಡೆಯುತ್ತಿದ್ದ ಅದೇ ಅಕ್ಟೋಬರಿನಲ್ಲಿ ಅದೇ ಇನ್‌ಫ್ಲುಯೆಂಜಾ ಬೆಂಗಳೂರಿನಲ್ಲಿ, ಮೈಸೂರು ಸೀಮೆಯ ಹಳ್ಳಿಗಳಲ್ಲಿ ಮನೆಮನೆಗೂ ನುಗ್ಗಿತ್ತು. ಆ ವರ್ಷ ಮಳೆಯೂ ಕೈಕೊಟ್ಟು ಧಾನ್ಯದ ಬೆಲೆ ಏರಿತ್ತು. ದೇಶದಲ್ಲೆಲ್ಲ ಈ ಜ್ವರಕ್ಕೆ ಒಂದು ಕೋಟಿಗೂ ಹೆಚ್ಚು ಜನ ಸತ್ತರು; ಪರದೇಶದಲ್ಲಿ ಇಡೀ ಯುದ್ಧಕ್ಕೆ ಬಲಿಯಾದ ಭಾರತೀಯ ಸೈನಿಕರು ಎಪ್ಪತ್ತು ಸಾವಿರದ ಆಸುಪಾಸು. ಭರ್ಜಿ ಹಿಡಿದವನ ಜೀವಕ್ಕೆ ಹೆದರಿ ದೀಪ ಹಚ್ಚಿ ಕೂತಿದ್ದ ತಾಯಿ ಮೊದಲು ಹೋದಳು. ಕಾಗದ ಬರೆಸೋದಕ್ಕೆ ಮನೆಯಲ್ಲಿ ಯಾರಾದರೂ ಉಳಿದಿದ್ದರೆ ಅವನಿಗೆ ಸುದ್ದಿ ತಲಪಿತು. ಇಲ್ಲದಿದ್ದರೆ 1920ರಲ್ಲಿ ಬಾಗಿಲಿಗೆ ಬಂದಾಗ ಪಕ್ಕದ ಮನೆಯವರು ಹೇಳಿದರು.